ಮಗಳ ಫೋನಿನಲ್ಲಿ ಓದಿದ ಅರ್ಧ ಸಾಲು

ಮಗಳ ಫೋನನ್ನು ನಾನು ಮುಟ್ಟುವುದಿಲ್ಲ ಎಂದು ಸಮಸ್ತ ಕುಟುಂಬದ ಮುಂದೆ ಘೋಷಿಸಿದವನು ನಾನೇ. ಸಮಸ್ತ ಕುಟುಂಬವೆಂದರೆ ಹೆಂಡತಿ ಗಿರಿಜಾ ಮತ್ತು ಮಗಳು ಗೌರಿ. ಗೌರಿ ಪಿಯುಸಿ ಎರಡನೇ ವರ್ಷ. ದೇಶಪಾಂಡೆ ನಗರದ ನಮ್ಮ ಮನೆಯಿಂದ ಧಾರವಾಡದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿ, ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಫೋನು ಕೊಡಿಸಿದ್ದೆ. ಆಗಿನ ಫೋನುಗಳಿಗೆ ಗುಂಡಿಗಳಿದ್ದವು. ನನಗೆ ವಿಶಾಲ ಹೃದಯವಿತ್ತು.

ಘೋಷಣೆ ಹದಿನೇಳು ದಿನ ಬಾಳಿತು.

ಅಂದು ಮುಂಜಾನೆ ಗೌರಿ ಸ್ನಾನಕ್ಕೆ ಹೋಗಿದ್ದಾಗ, ಟಿವಿಯ ಮೇಲಿದ್ದ ಅವಳ ಫೋನು ಟೀಂ ಟೀಂ ಎಂದಿತು. ನಾನು ಮುಟ್ಟಲಿಲ್ಲ. ಬರೀ ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ಆದ್ದರಿಂದ ಮುಟ್ಟಿದೆ. ಸಂದೇಶ ಕಳಿಸಿದ್ದು 'ಬಸು'. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕನ್ನಡ: "ಸಂಜಿ ನಾಕಕ್ಕ ಸತ್ತೂರಿಗೆ ಬಾ. ಅಪ್ಪಗ..."

ಅಷ್ಟರಲ್ಲಿ ಗಿರಿಜಾ ಅಡುಗೆಮನೆಯಿಂದ ಬಂದಳು. ಗಾಬರಿಯಲ್ಲಿ ಕೈಗೆ ಸಿಕ್ಕ ಗುಂಡಿಯನ್ನು ಒತ್ತಿ ಹಿಡಿದೆ. ಫೋನು ಆರಿತು.

"ಏನ ಮಾಡಾಕತ್ತೀರಿ?"

"ಟಿವಿ ಧೂಳ ಒರಸಾಕತ್ತೇನಿ."

ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ನಾನು ಧೂಳು ಒರೆಸಿದ್ದನ್ನು ಕಾಣದ ಗಿರಿಜಾ ಸಂತೋಷದಿಂದ ಒಳಗೆ ಹೋದಳು. ನಾನು ಫೋನನ್ನು ಮತ್ತೆ ಹೊತ್ತಿಸಿದೆ. ಅದು ನಾಲ್ಕಂಕಿಯ ಪಿನ್ ಕೇಳಿತು. ಗೌರಿ ಹುಟ್ಟಿದ ವರ್ಷ ಹಾಕಿದೆ. ತಪ್ಪು. ನಾನು ಹುಟ್ಟಿದ ವರ್ಷ ಹಾಕಿದೆ. ಪ್ರೀತಿಯ ಅಪ್ಪನಲ್ಲವೇ? ಅಲ್ಲ, ತಪ್ಪು. ನಮ್ಮ ಪಾತ್ರೆ ಅಂಗಡಿಯ ಫೋನಿನ ಕೊನೆಯ ನಾಲ್ಕಂಕಿ ಹಾಕಿದೆ. ಸಿಮ್ ಬಂದ್ ಆಯಿತು. ಪಿಯುಕೆ ಹಾಕು ಎಂದಿತು. ನನಗೆ ಪಿಯುಸಿ ಗೊತ್ತಿತ್ತು, ಪಿಯುಕೆ ಗೊತ್ತಿರಲಿಲ್ಲ. ಫೋನನ್ನು ಆರಿಸಿ, ಇದ್ದಲ್ಲೇ ಇಟ್ಟು, ದೇವರ ಕೋಣೆಗೆ ಹೋಗಿ ವಿಭೂತಿ ಹಚ್ಚಿಕೊಂಡು ಕೂತೆ. ಗೌರಿ ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದಳು.

ಅಂಗಡಿಯಲ್ಲಿ ಕೂತು ಆ ಅರ್ಧ ಸಾಲನ್ನು ನಾನೇ ಪೂರ್ತಿ ಮಾಡಿದೆ. 'ಅಪ್ಪಗ ಹೇಳಬ್ಯಾಡ.' ಮತ್ತೇನಿರಲು ಸಾಧ್ಯ? ಮಧ್ಯಾಹ್ನದ ಹೊತ್ತಿಗೆ ಬಸುವಿಗೆ ಮೀಸೆ, ಮೋಟರ್ ಸೈಕಲ್, ಕಪ್ಪು ಕನ್ನಡಕ ಎಲ್ಲ ಬಂದಿದ್ದವು. ಗೌರಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಎದೆ ಧಸಕ್ಕೆಂದಿತು. ಆರಿಸಿದವನು ನಾನೇ ಎಂದು ತಿಳಿಸಿ ಹೇಳಿದರೂ ಎದೆ ಕೇಳಲಿಲ್ಲ. ಈಗ ಅವಳಿಗೆ ಏನಾದರೂ ಆದರೆ ಯಾರನ್ನು ಕೂಗಬೇಕು?

ಮೂರಕ್ಕೇ ಅಂಗಡಿ ಮುಚ್ಚಿ ಸ್ಕೂಟರ್ ಹತ್ತಿದೆ. ಧಾರವಾಡದ ದಾರಿಯಲ್ಲಿರುವ ಸತ್ತೂರಿನ ಬಸ್ ಸ್ಟಾಪಿನಲ್ಲಿ, ಯಾರೂ ಗುರುತು ಹಿಡಿಯದಿರಲೆಂದು ಹೆಲ್ಮೆಟ್ ತೆಗೆಯದೆ ನಿಂತೆ. ಆಗ ನಮ್ಮೂರಲ್ಲಿ ಯಾರೂ ಹೆಲ್ಮೆಟ್ ಹಾಕುತ್ತಿರಲಿಲ್ಲವಾದ್ದರಿಂದ ಇಡೀ ಸ್ಟಾಪು ನನ್ನನ್ನೇ ನೋಡುತ್ತಿತ್ತು. ಬಸ್ಸಿನಿಂದ ಮೀಸೆಯವನೊಬ್ಬ ಇಳಿದ.

"ಬಸೂ," ಎಂದು ಗದರಿದೆ. ಮೂವರು ತಿರುಗಿದರು. ಮೀಸೆಯವನ ರಟ್ಟೆ ಹಿಡಿದೆ. "ಗೌರಿ ಎಲ್ಲಿ?"

"ಗೌರಿ? ಹಿತ್ತಲದಾಗ ಕಟ್ಟೇನ್ರಿ. ಯಾಕ, ಹಾಲು ಬೇಕಾಗಿತ್ತೇನು?"

"ಅಪ್ಪಾ?" ಎಂದಿತು ಹಿಂದಿನಿಂದ ಒಂದು ದನಿ. ಪಕ್ಕದ ಕಾಯಿನ್ ಫೋನಿನ ಹತ್ತಿರ ನನ್ನ ಗೌರಿ ನಿಂತಿದ್ದಳು. ಜೊತೆಗೆ ಎರಡು ಜಡೆಯ ಒಬ್ಬ ಹುಡುಗಿ, ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಛಲೋ ಆತು ಬಂದ್ರಿ," ಎಂದಳು ಗೌರಿ. "ಇಕಿ ಬಸಮ್ಮ, ನನ್ನ ಕ್ಲಾಸಿನಾಕಿ. ಇಕಿ ಅವ್ವಗ ಇಲ್ಲೇ ದವಾಖಾನ್ಯಾಗ ಆಪರೇಷನ್ ಐತಿ, ರಕ್ತ ಬೇಕು. ಕಾಲೇಜಿನ್ಯಾಗ ಗೊತ್ತಾಗಿ ಓಡಿ ಬಂದೆ. ಅಂಗಡಿಗೆ ಫೋನ್ ಹಚ್ಚಿ ಹಚ್ಚಿ ಸಾಕಾತು. ನಿಮ್ಮ ಮೊಬೈಲ್ ನಂಬರು ನನಗ ಬಾಯಿಪಾಠ ಇಲ್ಲ."

ಬಸಮ್ಮ ಮೂಗು ಒರೆಸಿಕೊಂಡಳು. "ಮುಂಜಾನೇನ ಮೆಸೇಜ್ ಕಳಿಸಿದ್ದೆ ರೀ ಕಾಕಾ. ಅಪ್ಪಗ ಕೇಳು, ರಕ್ತ ಕೊಡ್ತಾರೇನ ಅಂತ. ನಿಮ್ಮದು ಓ ನೆಗೆಟಿವ್ ಅಂತಲ್ರೀ."

"ನನ್ನ ಫೋನು ಪಿಯುಕೆ ಕೇಳಾಕತ್ತೈತಿ," ಎಂದಳು ಗೌರಿ. "ಯಾರರ ಮೂರು ಸಲ ತಪ್ಪು ಪಿನ್ ಹಾಕಿದ್ರಷ್ಟ ಹಂಗ ಆಗತೈತಂತ. ಅಂದಂಗ ಅಪ್ಪಾ, ನೀವು ಇಲ್ಲಿಗೆ ಹೆಂಗ ಬಂದ್ರಿ?"

"ಹಿಂಗ... ಗಾಳಿಗೆ."

ಗೌರಿ ನನ್ನನ್ನು ಹೆಲ್ಮೆಟ್ಟಿನಿಂದ ಚಪ್ಪಲಿಯವರೆಗೆ ನೋಡಿದಳು. "ಗಾಳಿ ವಿಷಯ ಆಮ್ಯಾಲ ಮಾತಾಡೋಣು. ಮೊದಲ ನಡೀರಿ."

ರಕ್ತ ಕೊಟ್ಟೆ. ತ್ಯಾಗವೀರನ ಮುಖ ಮಾಡಿಕೊಂಡೇ ಕೊಟ್ಟೆ. ಮುಗಿದ ಮೇಲೆ, ಬೇಕಾದರೆ ಇನ್ನೊಂದು ಚೀಲ ತೆಗೆದುಕೊಳ್ಳಿ ಎಂದು ನರ್ಸಿಗೆ ಹೇಳುತ್ತಾ ಎದ್ದವನು, ಪಕ್ಕದಲ್ಲಿದ್ದ ಮೊದಲ ಚೀಲವನ್ನು ನೋಡಿ ಧೊಪ್ಪನೆ ಬಿದ್ದೆ. ಕಣ್ಣು ಬಿಟ್ಟಾಗ, ತಾಯಿಯ ಚಿಂತೆಯಲ್ಲಿರಬೇಕಾದ ಬಸಮ್ಮ ತನ್ನ ನೋಟ್‌ಬುಕ್ಕಿನಿಂದ ನನಗೆ ಗಾಳಿ ಹಾಕುತ್ತಿದ್ದಳು.

ಸಂಜೆ ಆಪರೇಷನ್ ಚೆನ್ನಾಗಿ ಆಯಿತೆಂದು ಡಾಕ್ಟರು ಬಂದು ಹೇಳಿದರು. ಬಸಮ್ಮ ಗೌರಿಯನ್ನು ತಬ್ಬಿಕೊಂಡು ಮತ್ತೆ ಅತ್ತಳು. ನನ್ನ ಕಣ್ಣೂ ಒದ್ದೆಯಾದವು.

"ಅವ್ವ ದಾರಿ ನೋಡಾಕತ್ತಿರ್ತಾಳ. ನಿಮ್ಮ ಫೋನ್ ಕೊಡ್ರಿ, ಹೇಳ್ತೇನಿ," ಎಂದು ಗೌರಿ ಕೈ ಚಾಚಿದಳು.

ಮಲಗಿದ್ದವನು ಕಿಸೆ ಹಿಡಿದುಕೊಂಡು ಎದ್ದು ಕೂತೆ. ಹೆಂಡತಿ ಮಕ್ಕಳು ನೋಡಬಾರದ ಒಂದೆರಡು ಸಂದೇಶಗಳು ಅದರಲ್ಲಿದ್ದವು.

"ನಾನ ಹಚ್ಚಿ ಕೊಡ್ತೇನಿ. ನಿನಗ ಈ ಫೋನು ತಿಳಿಯಂಗಿಲ್ಲ."

"ಹಚ್ರಿ. ನಾ ನೋಡಂಗಿಲ್ಲ," ಎಂದು ಅವಳು ಕಿಟಕಿಯ ಕಡೆ ಮುಖ ಮಾಡಿದಳು. ನಿಜವಾಗಿಯೂ ನೋಡಲಿಲ್ಲ. ನಾಚಿಕೆಯಿಂದ ನಾನೂ ಫೋನನ್ನು ಸರಿಯಾಗಿ ನೋಡಲಿಲ್ಲ. ಹೇಗೋ ಹೆಸರು ಹುಡುಕಿ, ಹಚ್ಚಿ, ಅವಳ ಕೈಗೆ ಕೊಟ್ಟೆ.

ಗೌರಿ ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಮಾತು ಶುರುವಾಯಿತು, ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಫೋನನ್ನು ನನಗೆ ಮರಳಿ ಕೊಟ್ಟಳು.

"ಅವ್ವ ಅಲ್ರಿ, ನಿಮ್ಮ ಗೆಳೆಯಾರು. ರವಿವಾರ ಇಸ್ಪೀಟಿಗೆ ಲಗೂ ಬರ್ಬೇಕಂತ. ಅಂಗಡಿ ಗೋದಾಮು ಸ್ವಚ್ಛ ಮಾಡೂದೈತಿ ಅಂತ ಮನ್ಯಾಗ ಹೇಳೂದು ಮರೀಬಾರದಂತ."

ನಾನು ಮತ್ತೆ ಮೂರ್ಛೆ ಹೋದವನಂತೆ ಕಣ್ಣು ಮುಚ್ಚಿ ಮಲಗಿದೆ. ಈ ಸಲ ಯಾರೂ ಗಾಳಿ ಹಾಕಲಿಲ್ಲ.