ಅಪ್ಪನ ಸಿನಿಮಾಗಳನ್ನು ಸವಾಲಿಗೆ ಹಾಕಿದ್ದು

ಒಂದು ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಲು ಹೆಚ್ಚು ವಿಚಾರಿಸಬೇಕಾಗಿಲ್ಲ. ಫ್ಯಾನು ಯಾರ ತಲೆಯ ಮೇಲೆ ತಿರುಗುತ್ತಿದೆ ಎಂದು ನೋಡಿದರೆ ಸಾಕು. ರಂಗಂಪೇಟೆಯ ನಮ್ಮ ಮನೆಯಲ್ಲಿ ಅದು ಸಿನಿಮಾಗಳ ತಲೆಯ ಮೇಲೆ ತಿರುಗುತ್ತದೆ. ಇರುವ ಒಂದೇ ಖೋಲಿಯಲ್ಲಿ ಗೋಡೆಗುಂಟ ನಿಲ್ಲಿಸಿದ ಕಬ್ಬಿಣದ ರ‍್ಯಾಕುಗಳ ತುಂಬ ಅಪ್ಪ ಕೂಡಿಹಾಕಿದ ಸಿ.ಡಿ., ಡಿ.ವಿ.ಡಿ.ಗಳು ಬೆನ್ನು ತೋರಿಸಿಕೊಂಡು ನಿಂತಿವೆ. ಬಿಸಿಲಿಗೆ ಬಾಗುತ್ತವೆ ಎಂದು ಅವಕ್ಕೆ ಫ್ಯಾನು, ಕಿಟಕಿಗೆ ಪರದೆ, ಮೂಲೆಮೂಲೆಗೆ ನುಸಿಗುಳಿಗೆ. ಬಾಗಿಲಿಗೆ ಹೊರಗೂ ಚಿಲಕ, ಒಳಗೂ ಚಿಲಕ. ಒಳಗಿನದು ಅವಕ್ಕೇಕೆ ಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಎಂ.ಎ. ಓದಿ, ಯಾದಗಿರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಹೇಳುವ ನಾನು ಪಡಸಾಲೆಯಲ್ಲಿ, ಅವ್ವನ ಪಕ್ಕ, ಜೋಳದ ಚೀಲಗಳ ಎದುರು ಮಲಗುತ್ತೇನೆ. ಕಾಲುವೆಯ ಸೀಮೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ನಾನು ನಮ್ಮ ಮನೆಯ ಟೇಲ್ ಎಂಡ್, ಕಾಲುವೆಯ ಕಟ್ಟಕಡೆಯ ಹೊಲ. ಮೇಲೆ ನೀರು ಬಿಟ್ಟ ಸುದ್ದಿ ಬರುತ್ತದೆ, ನೀರು ಬರುವುದಿಲ್ಲ.

ನನಗೆ ಆ ಖೋಲಿ ಬೇಕಾಗಿತ್ತು. ಯಾಕೆ ಎಂದು ಕೇಳಿದವರಿಗೆ ಕಾಯಂ ನೌಕರಿಯ ಪರೀಕ್ಷೆಗೆ ಓದಲು ಎನ್ನುತ್ತಿದ್ದೆ. ಅದು ಅರ್ಧ ನಿಜ. ಬಾಗಿಲು ಮುಚ್ಚಿಕೊಂಡು ಸುಮ್ಮನೆ ಕೂರಲು ಎಂಬುದು ಇನ್ನರ್ಧ. ಆದರೆ ನಮ್ಮ ಕಡೆ ವಯಸ್ಸಿಗೆ ಬಂದ ಹುಡುಗಿ ಬಾಗಿಲು ಮುಚ್ಚಿಕೊಂಡು ಸುಮ್ಮನೆ ಕೂತಳು ಎಂದರೆ ಓಣಿಯವರು ಒಂದೋ ಡಾಕ್ಟರನ್ನು ಕರೆಸುತ್ತಾರೆ, ಇಲ್ಲವೇ ವರನನ್ನು. ನನಗೆ ಗುಟ್ಟುಗಳೇನೂ ಇಲ್ಲ. ಇಟ್ಟುಕೊಳ್ಳಲು ಜಾಗವಿಲ್ಲದ್ದರಿಂದ ಬೆಳೆಸಿಕೊಂಡಿಲ್ಲ. ಗೆಳತಿ ಫೋನು ಮಾಡಿದರೆ ನಾನು ಬರೀ ‘ಹೂಂ’, ‘ಊಹೂಂ’ ಎನ್ನುತ್ತೇನೆ. ಅವಳು ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಬೇಕು. ಅವಳಿಗಿಂತ ಮೊದಲು ಅವ್ವ ಅರ್ಥ ಮಾಡಿಕೊಂಡಿರುತ್ತಾಳೆ.

ಈ ಸಿನಿಮಾಗಳು ಮನೆ ಸೇರಿದ್ದಕ್ಕೆ ಕಾಲುವೆಯೇ ಕಾರಣ. ಅಪ್ಪ ಶಹಾಪುರದ ಕಡೆ ಕಾಲುವೆ ಕ್ಯಾಂಪೊಂದರಲ್ಲಿ ಗುಮಾಸ್ತರಾಗಿದ್ದರು. ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಜನರ ಕೈಯಲ್ಲಿ ರೊಕ್ಕ ಓಡಾಡಿತು. ರೊಕ್ಕ ಬಂದ ಮನೆಗೆಲ್ಲ ಟಿ.ವಿ., ಅದರ ಬೆನ್ನಿಗೆ ಸಿ.ಡಿ. ಹಾಕುವ ಮಷಿನ್ನು ಬಂತು. ಕ್ಯಾಂಪಿನಲ್ಲಿ ತೆಲುಗಿನವರಿಗೆ ತೆಲುಗು, ಇಂಜಿನಿಯರರಿಗೆ ಹಿಂದಿ, ಇಂಜಿನಿಯರರ ಹೆಂಡಂದಿರಿಗೆ ಕಣ್ಣೀರಿನ ಕನ್ನಡ ಸಿನಿಮಾ ಒದಗಿಸುವ ಕೆಲಸವನ್ನು ಯಾರೂ ಹೇಳದೆ ಅಪ್ಪ ಹೊತ್ತುಕೊಂಡರು. ವರ್ಗವಾದವರು ಹೊರಡುವಾಗ ಬೇಡವಾದದ್ದನ್ನು ಅವರ ಕೈಗಿಟ್ಟು ಹೋದರು. ಮುಂದೆ ಫೋನಿನಲ್ಲೇ ಸಿನಿಮಾ ಬಂದು ಸುರಪುರದ ಸಿ.ಡಿ. ಅಂಗಡಿ ಮುಚ್ಚಿದಾಗ ಉಳಿದ ಮಾಲನ್ನೂ ಅಪ್ಪನೇ ಟಂಟಂ ಆಟೋದಲ್ಲಿ ಹೇರಿಕೊಂಡು ಬಂದರು. ಹೀಗೆ ನಮ್ಮ ಖೋಲಿ ಸಿನಿಮಾಗಳ ಅನಾಥಾಶ್ರಮವಾಯಿತು. ಅಪ್ಪ ಅವುಗಳಲ್ಲಿ ಒಂದನ್ನಾದರೂ ಈಗ ನೋಡುತ್ತಾರೆ ಎಂದುಕೊಳ್ಳಬೇಡಿ. ಅವರು ಸಿನಿಮಾ ನೋಡುವುದು ಮೊಬೈಲಿನಲ್ಲಿ, ಅದೇ ಖೋಲಿಯ ಬಾಗಿಲಿಗೆ ಒರಗಿ ಕೂತುಕೊಂಡು.

ಮೊದಲು ನಾನು ಗುಜರಿಯವನನ್ನು ಕರೆಸಿದೆ. ಅವನು ತಕ್ಕಡಿ ತೆಗೆಯುತ್ತಲೇ ಅಪ್ಪ ಎದ್ದು ನಿಂತರು. “ತೂಕ ಮಾಡ್ತೀಯೇನೋ? ಕಲಾ ತೂಕ ಮಾಡ್ತೀಯಾ?” ಅವನು, “ಕಲಾ ಬಿಟ್ಟು ಪ್ಲಾಸ್ಟಿಕ್ ಅಷ್ಟೇ ತೂಕ ಮಾಡ್ತೀನ್ರಿ ಸಾಹೇಬ್ರ” ಎಂದ. ಪ್ರಾಮಾಣಿಕ ಮನುಷ್ಯ, ಚಹಾ ಸಹ ಕುಡಿಯದೆ ಹೋಗಬೇಕಾಯಿತು. ಆಮೇಲೆ ನಾನು ಆನ್‌ಲೈನ್ ಹರಾಜಿನ ಮಾತೆತ್ತಿದೆ. ಅಪ್ಪನ ಕಣ್ಣುಗಳು ಅರಳಿದವು. “ಸವಾಲಾ? ಸವಾಲ್ ಆದ್ರ ನಡೀತದ. ಅದರಾಗ ಇಜ್ಜತ್ ಐತಿ” ಎಂದರು.

ನಮ್ಮ ಕಡೆ ಹರಾಜಿಗೆ ಸವಾಲು ಎನ್ನುತ್ತಾರೆ. ಗುಡಿಯಲ್ಲಿ ಪುರಾಣ ಮುಗಿದ ದಿನ ದೇವರ ಮುಂದಿಟ್ಟ ತೆಂಗಿನಕಾಯಿ, ಲಿಂಬೆಹಣ್ಣು, ಸೀರೆಗಳನ್ನು ಒಬ್ಬ ಕಟ್ಟೆಯ ಮೇಲೆ ನಿಂತು ಎತ್ತಿ ಹಿಡಿದು ಕೂಗುತ್ತಾನೆ. ಆ ಲಿಂಬೆಹಣ್ಣು ಯಾರಿಗೂ ಬೇಕಾಗಿರುವುದಿಲ್ಲ, ಆದರೂ ಅದು ಹೋತದ ಬೆಲೆಗೆ ಹೋಗುತ್ತದೆ. ಯಾಕೆಂದರೆ ಅಲ್ಲಿ ಕೂಗುವುದು ಹಣ್ಣಿಗಲ್ಲ, ಮರ್ಯಾದೆಗೆ. ಸವಾಲು ಖಾಲಿ ಹೋದರೆ ದೇವರು ಸಹಿಸಿಕೊಂಡಾನು, ಊರು ಸಹಿಸುವುದಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ತರಗತಿಯಲ್ಲಿ ಇಂಥದ್ದನ್ನು ‘ಸ್ಥಳೀಯ ಆಚರಣೆಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಿ ಮುಂದಿನ ರಾಜವಂಶಕ್ಕೆ ಹೋಗುತ್ತೇನೆ. ಮನೆಯಲ್ಲೂ ಹಾಗೆಯೇ ಮಾಡಿದೆ.

ಸಿನಿಮಾಗಳನ್ನು ಬಗೆಬಗೆಯಾಗಿ ಗಂಟು ಮಾಡಿದೆ: ಪೌರಾಣಿಕ, ಹೊಡೆದಾಟ, ಕಣ್ಣೀರು, ತೆಲುಗು. ಅವ್ವನ ಕೌದಿಯ ಮೇಲೆ ಜೋಡಿಸಿ, ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆದು, ಕೆಳಗೆ ‘ಅಲ್ಲಲ್ಲಿ ಗೀರುಗಳಿವೆ’ ಎಂದು ಬರೆದೆ. ಅಪ್ಪ ಹೆಗಲ ಮೇಲಿಂದ ಓದಿದರು. “ಏ ತಾಯಿ, ಗೀರು ಅಂತ ಯಾಕ ಬರ್ಯಾಕತ್ತಿ? ಕನ್ಯಾ ತೋರಸುವಾಗ ಕಾಲಾಗಿನ ಆಣಿ ತೋರಸ್ತಾರೇನು?” ಅವ್ವ ಒಳಗಿನಿಂದಲೇ, “ಲಗ್ನದ ಮುಂಚೆ ಈ ಖೋಲಿ ತೋರ್ಸಿದ್ರ ನಾ ಈ ಮನಿಗಿ ಬರತಿದ್ದಿಲ್ಲ ತಗೋರಿ” ಎಂದಳು. ಹಿಂದಿನ ವರ್ಷ ಅದೇ ಕೌದಿಯ ಮೇಲೆ, ಅದೇ ಬೆಳಕಿನಲ್ಲಿ ನನ್ನದೂ ಒಂದು ಫೋಟೋ ತೆಗೆದಿದ್ದರು. ಅದರ ಜೊತೆಗಿನ ವಿವರ ಬರೆಸಿದವಳು ಅವ್ವನ ಅಕ್ಕ, ಬಳಿಚಕ್ರದ ದೊಡ್ಡವ್ವ: ಎತ್ತರ, ಬಣ್ಣ, ಮಿತಭಾಷಿ. ಮಿತಭಾಷಿ ಎಂಬುದನ್ನು ಗುಣವೆಂದು ಹಾಕಿಸಿದಳೋ, ಗೀರು ಎಂದೋ, ನಾನು ಕೇಳಲಿಲ್ಲ. ಆ ಸವಾಲಿಗೆ ಇನ್ನೂ ಯಾರೂ ಕೂಗಿಲ್ಲ.

ಸಿನಿಮಾಗಳ ಸವಾಲು ಮಾತ್ರ ಚೆನ್ನಾಗಿ ಏರಿತು. ಮೊದಲು ಸತ್ತಂತೆ ಬಿದ್ದಿದ್ದ ಗಂಟುಗಳು ಇದ್ದಕ್ಕಿದ್ದಂತೆ ಎದ್ದು ಕೂತವು. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾದಗಿರಿ ಬಸ್ಸಿಗೆ ಕಾಯುತ್ತ ಫೋನು ನೋಡುತ್ತೇನೆ: ಕಣ್ಣೀರಿನ ಗಂಟಿಗೆ ಪೈಪೋಟಿ! ಆ ಆ್ಯಪಿನಲ್ಲಿ ಕೂಗುವವರ ನಿಜ ಹೆಸರು ಕಾಣುವುದಿಲ್ಲ. ಎಲ್ಲೋ ದೂರದ ಊರಿನ ರಸಿಕರು, ಸಿನಿಮಾ ಇತಿಹಾಸ ಬಲ್ಲವರು ಎಂದು ನಾನು ಕಲ್ಪಿಸಿಕೊಂಡೆ. ಆ ಸಂತೋಷದಲ್ಲಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆನೆಂದೂ, ಪಕ್ಕದಲ್ಲಿದ್ದ ಹೆಂಗಸು ತನ್ನ ಕೂಸನ್ನು ಆಚೆ ಮಗ್ಗುಲಿಗೆ ಎತ್ತಿಕೊಂಡಳೆಂದೂ ನೆನಪು. ಮನಸ್ಸಿನಲ್ಲೇ ಖೋಲಿ ಸಜ್ಜಾಯಿತು: ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ದೀಪ, ಬಾಗಿಲು ಮುಚ್ಚಿದೆ, ಒಳಗೆ ನಾನೊಬ್ಬಳೇ. ಯಾದಗಿರಿ ಬರುವಷ್ಟರಲ್ಲಿ ಪರದೆಯ ಬಣ್ಣವನ್ನೂ ಬದಲಿಸಿಯಾಗಿತ್ತು.

ಸವಾಲು ಮುಗಿದು, ಗೆದ್ದವರ ವಿಳಾಸಗಳು ಬಂದವು. ಮೊದಲನೆಯದು ನಮ್ಮ ಎದುರು ಮನೆ. ಪೆಟ್ಟಿಗೆ ಕಟ್ಟುವ ಮೊದಲೇ ಕಿರಾಣಿ ಅಂಗಡಿಯ ಶರಣಪ್ಪ ಕಾಕಾ ಒಗೆದ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ಬಂದರು. “ಎಲ್ಲೈತವ್ವ ನನ್ನ ಮಾಲು?” ಕೊಟ್ಟೆ. ಎರಡೂ ಕೈಯಿಂದ ಹಿಡಿದು, ಕಣ್ಣಿಗೊತ್ತಿಕೊಂಡು, ಮರಳಿ ನನ್ನ ಕೈಗಿಟ್ಟರು.

“ಒಯ್ದು ಏನ್ ಮಾಡ್ಲಿ? ನಮ್ಮನ್ಯಾಗ ಮಷಿನ್ನೇ ಇಲ್ಲ. ಇಲ್ಲೇ ಇರಲಿ. ನಿಮ್ಮಪ್ಪನ ಸವಾಲ್ ಖಾಲಿ ಹೋಗಬಾರದು ಅಂತ ಹಿಡದೆ.”

“ಹಂಗಿದ್ರ ರೊಕ್ಕ ವಾಪಸ್ ಕೊಡ್ತೀನ್ರಿ ಕಾಕಾ.”

“ಸವಾಲಿನ ರೊಕ್ಕ ಯಾರರ ತಿರುಗಿ ತಗೋತಾರೇನು? ಓದಿದಾಕಿ ಆಗಿ ಹಿಂತಾ ಮಾತಾಡ್ತಿ!”

ಆಗ ತಿಳಿಯಿತು. ಅಪ್ಪ ವಾಟ್ಸ್‌ಆ್ಯಪಿನ ಬಂಧುಗಳ ಗ್ರೂಪಿನಲ್ಲಿ, ಓಣಿಯವರ ಗ್ರೂಪಿನಲ್ಲಿ, ಕ್ಯಾಂಪಿನ ಹಳೆಯ ಗೆಳೆಯರ ಗ್ರೂಪಿನಲ್ಲಿ, ‘ನಮ್ಮನ್ಯಾಗ ಸವಾಲ್ ಐತಿ, ಎಲ್ಲಾರೂ ಬರಬೇಕು’ ಎಂದು ಹಾಕಿ, ಕೆಳಗೆ ಹರಾಜಿನ ಲಿಂಕು ಅಂಟಿಸಿದ್ದರು. ಹೊಡೆದಾಟದ ಗಂಟನ್ನು ಶಹಾಪುರದ ನಿವೃತ್ತ ಸಹೋದ್ಯೋಗಿಯೊಬ್ಬರು ಹಿಡಿದಿದ್ದರು. ಕಣ್ಣೀರನ್ನು ದೊಡ್ಡವ್ವ ಹಿಡಿದಿದ್ದಳು. ದೂರದ ಊರಿನ ರಸಿಕರೆಂದರೆ ಇವರೇ. ಒಬ್ಬೊಬ್ಬರಾಗಿ ಬಂದರು, ಚಹಾ ಕುಡಿದರು, ಮಾಲು ಮುಟ್ಟಿ ನೋಡಿ ‘ಇಲ್ಲೇ ಇರಲಿ’ ಎಂದರು. ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಗುಡಿಯ ಗಂಟೆಯ ಮೇಲೆ ಬರೆಸುವ ಹಾಗೆ ರ‍್ಯಾಕುಗಳ ಮೇಲೆ ಕೆಂಪು ಬಣ್ಣದಲ್ಲಿ ಸೇವಾರ್ಥಿಗಳ ಹೆಸರು, ಊರು ಬರೆದರು. ಮೊದಲಾದರೆ ನಾನು ಎಂದಾದರೊಂದು ದಿನ ಸಿಟ್ಟು ಬಂದು ಎಲ್ಲವನ್ನೂ ತಿಪ್ಪೆಗೆ ಎಸೆಯಬಹುದಿತ್ತು. ಈಗ ಅದು ಪರರ ಸೊತ್ತು. ಹೆಸರು ಬರೆದ ಮೇಲೆ ಜನ ತಮ್ಮ ಹೆಸರು ನೋಡಲು, ಬೀಗರಿಗೆ ತೋರಿಸಲು ಬರತೊಡಗಿದರು. ಬಾಗಿಲು ಮುಚ್ಚಿಕೊಳ್ಳಬೇಕೆಂದಿದ್ದ ಖೋಲಿಯ ಹೊಸ್ತಿಲಲ್ಲಿ ಚಪ್ಪಲಿಗಳು ಬಿದ್ದಿರುತ್ತಿದ್ದವು.

ಆದರೂ ಮುಕ್ಕಾಲು ಪಾಲು ಸಿನಿಮಾಗಳು ಇನ್ನೂ ಸವಾಲಿಗೆ ಬಿದ್ದಿರಲಿಲ್ಲ. ಅವನ್ನೆಲ್ಲ ಒಂದೇ ದೊಡ್ಡ ಗಂಟು ಮಾಡಿ ಹಾಕಿದೆ. ದಾವಣಗೆರೆಯ ಒಬ್ಬರು ಬರೆದರು: ತಾವು ಸಂಗ್ರಾಹಕರು, ಎಲ್ಲವೂ ಬೇಕು, ತಮ್ಮದೇ ಗಾಡಿ ತರುತ್ತಾರೆ, ರ‍್ಯಾಕುಗಳನ್ನೂ ಕೊಟ್ಟರೆ ಉಪಕಾರ. ಅವರಿಗೆ ಅಪ್ಪನ ಪರಿಚಯವಿರಲಿಲ್ಲ. ಅದಕ್ಕಿಂತ ದೊಡ್ಡ ಗುಣ ನನಗೆ ಬೇರೆ ಬೇಕಾಗಿರಲಿಲ್ಲ. ಅವರು ಒಂದು ಒಳ್ಳೆಯ ಮೊತ್ತ ಕೂಗಿ ಕೂತರು.

ಇನ್ನು ನಮ್ಮವರನ್ನು ತಡೆಯಬೇಕಿತ್ತು. ಯಾರ ಮನೆಗೂ ಕರೆಯದೆ ಹೋಗದ ನಾನು ಮನೆಮನೆಗೆ ಹೋಗಿ, ‘ದಯವಿಟ್ಟು ಕೂಗಬೇಡಿ, ನನಗೆ ಖೋಲಿ ಬೇಕು’ ಎಂದು ಬೇಡಿದೆ. ಮತ ಕೇಳಲು ಬರುವವರಾದರೂ ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ಬರುತ್ತಾರೆ. ಕಾಕಾ ಬೇಸರದಿಂದಲೇ ಒಪ್ಪಿದರು. ಬಳಿಚಕ್ರಕ್ಕೆ ಹೋದಾಗ ದೊಡ್ಡವ್ವ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು.

“ನಿನಗ್ಯಾಕವ್ವ ಖೋಲಿ? ಇವತ್ತಿಲ್ಲ ನಾಳಿ ಗಂಡನ ಮನಿಗಿ ಹೋಗಾಕಿ. ಅಲ್ಲಿ ಖೋಲಿ ಇರ್ತದ.”

“ಖೋಲಿ ಇರ್ತದ ದೊಡ್ಡವ್ವ, ಅದರಾಗ ಇನ್ನೊಬ್ಬಾಂವ ಇರ್ತಾನಲ್ಲ.”

ಅವಳು ನಕ್ಕ ಭರಕ್ಕೆ ಎಲೆಯಡಿಕೆ ಸೀರೆಯ ಮೇಲೆ ಬಿತ್ತು. “ಮಿತಭಾಷಿ ಅಂತ ಬರಿಸೀನಲ್ಲೇ ನಿನ್ನ, ಮೊದಲ ಅದನ್ನ ಅಳಸಬೇಕು!” ಎಂದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ಕಡೆ ನೋಡದೆ, “ಆತು, ಕೂಗಂಗಿಲ್ಲ ಹೋಗು” ಎಂದಳು. ಅವಳಿಗೂ ಎಂದಾದರೂ ಒಂದು ಖೋಲಿ ಬೇಕಾಗಿತ್ತೇನೋ. ಕೇಳುವಷ್ಟು ಸಲುಗೆ ನನಗಿರಲಿಲ್ಲ.

ಸವಾಲು ಮುಗಿಯುವುದು ಭಾನುವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ. ಸವಾಲೆಂದರೆ ನಾಲ್ಕು ಜನರ ಮುಂದೆ ಆಗಬೇಕೆಂದು ಅಪ್ಪ ಕಾಕಾನನ್ನೂ ಓಣಿಯ ಹಿರಿಯರನ್ನೂ ಕರೆಸಿ ಪಡಸಾಲೆಯಲ್ಲಿ ಕೂರಿಸಿದ್ದರು. ನನ್ನ ಫೋನನ್ನು ಜೋಳದ ಚೀಲದ ಮೇಲೆ, ದೇವರ ಫೋಟೋ ಇಟ್ಟ ಹಾಗೆ ಒರಗಿಸಿದ್ದರು. ಅದರಲ್ಲಿ ದಾವಣಗೆರೆಯವರ ಒಂದೇ ಕೂಗು. ಹೊತ್ತು ಸರಿಯಿತು. ಬೇರೆ ಯಾರೂ ಕೂಗಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದ ಕಾಕಾ ಜಂತಿ ನೋಡುತ್ತ ಕೂತರು.

“ಬಳಿಚಕ್ರದವರೂ ಕೂಗವಲ್ರು?” ಎಂದರು ಅಪ್ಪ.

ಒಬ್ಬ ಹಿರಿಯರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

“ಇರಲಿ ಬಿಡ್ರಿ. ನಮ್ಮ ಮಾಲಿನ ಕಿಮ್ಮತ್ತೇ ಅಷ್ಟು.” ಅಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಸತ್ತವರ ಮನೆಗೆ ಹೊರಡುವಾಗ ಮಾತ್ರ ಅವರು ಆ ಗುಂಡಿ ಹಾಕಿಕೊಳ್ಳುವುದು.

ನಾನು ಲೆಕ್ಕ ತಪ್ಪದ ಹುಡುಗಿ. ಆಗಲೂ ಲೆಕ್ಕ ಹಾಕಿಯೇ ಮಾಡಿದೆ. ಸಂಗ್ರಾಹಕರು ಹಟದವರು, ಒಂದು ಸಲ ಮೇಲೆ ಹೋದರೆ ಇನ್ನೊಂದು ಸಲ ಮೇಲೆ ಬಂದೇ ಬರುತ್ತಾರೆ. ಅಪ್ಪನಿಗೆ ಒಂದು ಕೂಗು ಕೇಳಿಸಿದ ಹಾಗಾಗುತ್ತದೆ, ನನಗೆ ಖೋಲಿ ಸಿಗುತ್ತದೆ. ಮಾರುವವರು ತಾವೇ ಕೂಗುವಂತಿಲ್ಲ. ಅದಕ್ಕೇ ಅಡುಗೆಮನೆಗೆ ಹೋಗಿ ಅವ್ವನ ಫೋನಿನಿಂದ ಒಂದೇ ಒಂದು ಸಲ ಒತ್ತಿದೆ.

ಪಡಸಾಲೆಯಲ್ಲಿ ಗದ್ದಲವೆದ್ದಿತು. “ಬಂತು! ಯಾರೋ ಕೂಗಿದ್ರು ನೋಡ್ರಿ!” ಅಪ್ಪ ಗುಂಡಿ ಬಿಚ್ಚಿ, ಎದ್ದು ನಿಂತು, ಗುಡಿಯ ಕಟ್ಟೆಯ ಮೇಲಿನವನ ಹಾಗೆ ಶುರುಮಾಡಿದರು: “ಒಂದ್ ಸಲ... ಎರಡ್ ಸಲ...” ನಾನು ಒಲೆಯ ಮುಂದೆ ನಿಂತು ದಾವಣಗೆರೆಗಾಗಿ ಕಾದೆ. ಜೀವನದಲ್ಲಿ ಯಾವ ಗಂಡಸಿಗೂ ಅಷ್ಟು ಆಸೆಯಿಂದ ಕಾದವಳಲ್ಲ. ದಾವಣಗೆರೆ ಮೇಲೆ ಬರಲಿಲ್ಲ. ಸವಾಲು ಮುಗಿದ ಮೇಲೆ ಅವರಿಂದ ಒಂದು ಸಂದೇಶ ಬಂತು: ತಾವು ಹಾಕಿಕೊಂಡ ಮಿತಿ ಅಷ್ಟೇ ಇತ್ತಂತೆ, ಬೆಲೆ ತಿಳಿದವರ ಕೈಗೇ ಸೇರಿದ್ದು ಸಂತೋಷವಂತೆ, ಗೆದ್ದವರಿಗೆ ಅಭಿನಂದನೆ ತಿಳಿಸಬೇಕಂತೆ.

ಅಷ್ಟರಲ್ಲಿ ಅವ್ವ ತನ್ನ ಫೋನು ಹಿಡಿದು ಪಡಸಾಲೆಗೆ ಹೋಗಿದ್ದಳು. “ಇದೇನ್ರಿ, ನೀವು ಗೆದ್ದೀರಿ ಅಂತ ನನಗ ಬಂದದ? ನಾ ರೊಟ್ಟಿ ಬಿಟ್ಟು ಏನೂ ಮುಟ್ಟಿಲ್ಲ.” ಎಲ್ಲರೂ ನನ್ನ ಕಡೆ ತಿರುಗಿದರು. ಕಾಕಾ ಚಪ್ಪಾಳೆ ತಟ್ಟಿ, “ಭಲೆ! ನಮ್ಮನ್ನೆಲ್ಲಾ ಕೂಗಬ್ಯಾಡ್ರಿ ಅಂದಾಕಿ ತಾನೇ ಹಿಡಿಯಾಕ ಮಾಡ್ಯಾಳ ನೋಡ್ರಿ ಸಂಚು!” ಎಂದರು. ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಅಪ್ಪನ ಅರಳಿದ ಮುಖ ನೋಡಿ ಮುಚ್ಚಿದೆ. ಮಿತಭಾಷಿಗಳಿಗೆ ಆಗುವ ನಷ್ಟ ಇಂಥದ್ದು.

ಎಲ್ಲರೂ ಹೋದ ಮೇಲೆ ಅಪ್ಪ ನನ್ನ ಎದುರು ಬಂದು ಕೂತರು. ಗೆದ್ದವರನ್ನು ಮಾತಾಡಿಸುವ ಗಾಂಭೀರ್ಯದಿಂದ ಕೇಳಿದರು:

“ಮತ್ತ, ಮಾಲು ಯಾವಾಗ ಒಯ್ತಿ ತಾಯಿ?”

“ಎಲ್ಲಿ ಒಯ್ಲಿ ಅಪ್ಪಾ? ಇಡಾಕ ನನ್ನ ಕಡೆ ಖೋಲಿ ಇಲ್ಲ.”

ಅಪ್ಪ ಖೋಲಿಯ ಕಡೆಗೊಮ್ಮೆ ನೋಡಿದರು. ಆಮೇಲೆ ದೊಡ್ಡ ಮನಸ್ಸಿನಿಂದ, “ಆತು ಬಿಡು, ಇಲ್ಲೇ ಇರಲಿ. ನಿನ್ನ ಕಡೆ ಬಾಡಿಗಿ ಏನು ತಗೋತೀನಾ?” ಎಂದರು.

ಉಪಕಾರವಾಯಿತು ಎಂದು ಹೇಳಿ, ನಾನು ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿದೆ.