ಬ್ರೇಕ್ ಇಲ್ಲೆ ಸಾರ್

ನಾನು ಕೆ.ಜಿ.ಎಫ್.ನ ಕಾರ್ಖಾನೆಯೊಂದರಲ್ಲಿ ತಪಾಸಣಾಧಿಕಾರಿ. ಮನೆಯಷ್ಟು ದೊಡ್ಡ ಯಂತ್ರಗಳು ನನ್ನ ಸಹಿಯಿಲ್ಲದೆ ಗೇಟು ದಾಟುವುದಿಲ್ಲ. ಇಂಥ ನಾನು ಒಂದು ಹಳೇ ಮೋಟಾರ್ ಸೈಕಲ್ ಕೊಳ್ಳಲು ಇನ್ನೊಬ್ಬರ ಸಲಹೆ ಕೇಳುವುದೆಂದರೆ ಇಡೀ ಕಾರ್ಖಾನೆಗೇ ಅವಮಾನ!

ಹಳೇ ಬೈಕೇ ಏಕೆಂದರೆ, ಕಾರಣ ನಮ್ಮ ಮಾವ. ಗದಗಿನ ಕಡೆಯಿಂದ ಬಂದು ಕಾಮಸಮುದ್ರದ ಹುಡುಗಿಯನ್ನು ಮದುವೆಯಾದ ನಾನು ಆರು ವರ್ಷಗಳಿಂದ ಮಾವನ ಮನೆಗೆ ಬಸ್ಸಿನಲ್ಲೇ ಹೋಗುತ್ತಿದ್ದೇನೆ. ಅವರು ನನ್ನನ್ನು ಊರಿಗೆಲ್ಲ 'ಬಸ್ಸಿನಳಿಯ' ಎಂದೇ ಪರಿಚಯಿಸುತ್ತಾರೆ. ದೊಡ್ಡ ಅಳಿಯನಿಗೆ ಕಾರಿದೆ, ಆದ್ದರಿಂದ ಅವನು 'ಅಳಿಯಂದಿರು'. ಮಾವ ಪ್ರಾಯದಲ್ಲಿ ಓಡಿಸುತ್ತಿದ್ದ ಮಾದರಿಯ ಬೈಕೇ ಊರಿಗಾಂನಲ್ಲಿ ಮಾರಾಟಕ್ಕಿದೆ ಎಂದು ತಿಳಿದ ದಿನ ನನ್ನ ಸ್ವಾಭಿಮಾನ ಎದ್ದು ಕೂತಿತು. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಅದರ ಮೇಲೇ ಹೋಗಬೇಕು, ಬಹುವಚನ ಸಂಪಾದಿಸಿಕೊಂಡೇ ಬರಬೇಕು ಎಂದು ತೀರ್ಮಾನಿಸಿದೆ.

ಬೈಕು ನೋಡಲು ಹೆಂಡತಿ ಸರೋಜ ತಾನೂ ಜೊತೆಗೆ ಬರುತ್ತೇನೆಂದಳು. "ಅವ್ರೊಂದು ಯೋಳಿದ್ರೆ ನಿಮಗಿನ್ನೊಂದು ಕೇಳ್ಸುತ್ತೆ," ಎಂಬುದು ಅವಳ ಆತಂಕ. ತಪಾಸಣೆ ಮಾಡುವುದು ಕಣ್ಣಿನಿಂದ, ಕಿವಿಯಿಂದಲ್ಲ ಎಂದು ಗಂಭೀರವಾಗಿ ತಿಳಿಸಿ ಒಬ್ಬನೇ ಹೊರಟೆ.

ಬೈಕಿನ ಒಡೆಯರು ಗಣಿಯಲ್ಲಿ ದುಡಿದು ನಿವೃತ್ತರಾದ ಸೆಲ್ವರಾಜಣ್ಣ. ಮನೆಮಾತು ತಮಿಳು. ನನಗೋಸ್ಕರ ಕನ್ನಡದಲ್ಲೇ ಮಾತಾಡುತ್ತಿದ್ದರು. ಕಾರ್ಖಾನೆಯ ಶೈಲಿಯಲ್ಲಿ ಹನ್ನೆರಡು ಅಂಶಗಳ ಪಟ್ಟಿ ಮಾಡಿಕೊಂಡು ಹೋಗಿದ್ದ ನಾನು ಪೆನ್ನು ತೆಗೆದು, "ಬ್ರೇಕ್?" ಎಂದೆ.

ಅವರು ಚಕ್ರದ ಮೇಲೆ ಕೈಯಿಟ್ಟು, "ಬ್ರೇಕ್ ಇಲ್ಲೆ ಸಾರ್," ಎಂದರು.

ಇಲ್ಲೇ ಇದೆ. ಒಳ್ಳೆಯದು. ಪೆಡಲು ಒತ್ತಿ ನೋಡಿದೆ, ವಿನಯದಿಂದ ಕೆಳಗೆ ಹೋಯಿತು. ಟಿಕ್ ಹಾಕಿದೆ. ಹಾರ್ನ್ ಎಂದೆ. ಹ್ಯಾಂಡಲ್ ಮುಟ್ಟಿ, ಇಲ್ಲೆ ಎಂದರು. ಟಿಕ್. ದೀಪ ಎಂದೆ. ಗಾಜು ಒರೆಸುತ್ತ ಅದೂ ಇಲ್ಲೆ ಎಂದರು. ಟಿಕ್. ಇಷ್ಟು ಚುಟುಕಾಗಿ ಉತ್ತರ ಕೊಡುವವನೊಬ್ಬ ನನ್ನ ಕೈಕೆಳಗಿದ್ದಿದ್ದರೆ ನಾನು ಎಂದೋ ಮ್ಯಾನೇಜರ್ ಆಗುತ್ತಿದ್ದೆ. ಕೊನೆಗೆ, ಬೇರೇನಾದರೂ ದೋಷವಿದೆಯೇ ಎಂದು ಕೇಳಿದ್ದಕ್ಕೆ ಅವರು ನನ್ನನ್ನು ಒಂದು ಥರಾ ನೋಡಿದರು.

"ಎಲ್ಲಾ ಹೇಳ್ಬಿಟ್ಟೆನಲ್ಲ ಸಾರ್. ಓಡಿಸ್ಬೇಡಿ, ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಹೋಗಿ."

ಬೈಕಿನ ಮೇಲೆ ಅದೆಂಥ ಮಮತೆ ಎಂದು ನನ್ನ ಕಣ್ಣು ತುಂಬಿ ಬಂತು.

ಆಟೋ ನೇರವಾಗಿ ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ಬಳಿ ನಿಂತಿತು. ಅವನು ಎಂಜಿನ್ ಸರಿಮಾಡಿ, ಚಕ್ರಗಳನ್ನೂ ಬಿಚ್ಚಿ ನೋಡೋಣವೇ ಎಂದು ಕೇಳಿದ. ಪಾಸಾದ ಮಾಲನ್ನು ಮತ್ತೆ ಬಿಚ್ಚುವುದು ನಿಯಮಬಾಹಿರ ಎಂದು ಪಟ್ಟಿ ತೋರಿಸಿದೆ. ಪಾಪ, ಸ್ಪ್ಯಾನರ್ ಕೆಳಗಿಟ್ಟ. ಉಳಿದ ದುರಸ್ತಿಯನ್ನು ನಾನೇ ಕೈಗೆತ್ತಿಕೊಂಡೆ. ಹೊಸ ಬಣ್ಣ, ಹೊಸ ಸೀಟು, ಮುಖ ಕಾಣುವಷ್ಟು ಪಾಲಿಷ್. ಟ್ಯಾಂಕಿನ ಮೇಲೆ 'ಮಾವನ ಆಶೀರ್ವಾದ' ಎಂದು ಬರೆಸಿದೆ. ನಿಲ್ಲುವುದೊಂದನ್ನು ಬಿಟ್ಟು ಬೇರೆ ಎಲ್ಲಕ್ಕೂ ಬೈಕು ಸಿದ್ಧವಾಯಿತು.

ಗೃಹಪ್ರವೇಶದ ಬೆಳಿಗ್ಗೆ ಸರೋಜಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಪೇಟೆ ದಾಟುವಷ್ಟರಲ್ಲಿ ಒಂದು ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಪೆಡಲು ಎಂದಿನಂತೆ ವಿನಯದಿಂದ ಕೆಳಗೆ ಹೋಯಿತು, ಬೈಕು ಎಂದಿನಂತೆ ಮುಂದೆ ಹೋಯಿತು. ಹಾರ್ನ್ ಒತ್ತಿದೆ, ಮೌನ. ಕೊನೆಗೆ ನಾನೇ ಬಾಯಲ್ಲಿ ಪೋಂ ಪೋಂ ಎಂದೆ. ಎಮ್ಮೆ ಮರ್ಯಾದಸ್ಥ ಪ್ರಾಣಿ, ದಾರಿ ಬಿಟ್ಟಿತು. ಹಳೇ ಗಾಡಿ ನಿಲ್ಲಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ ಎಂದು ಸರೋಜಳಿಗೆ ವಿವರಿಸಿದೆ. ಅವಳು ಮುಂದಿನ ಏರಿನಲ್ಲಿ ಬೈಕು ತೆವಳುತ್ತಿದ್ದಾಗ ಸೀರೆ ಎತ್ತಿ ಹಿಡಿದು ಇಳಿದೇಬಿಟ್ಟಳು.

"ನಾನು ಬಸ್ಸಲ್ಲಿ ಓಗ್ತೀನಿ. ಇದು ಎಲ್ಲಿ ನಿಲ್ಲುತ್ತೋ ಅಲ್ಲಿಂದ ನೀವು ನಡ್ಕೊಂಡು ಬನ್ನಿ."

ನಾನೂ ಹಿಂತಿರುಗಬಹುದಿತ್ತು. ಆದರೆ ಮತ್ತೆ ಬಸ್ಸೇ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ಎರಡೂ ಕಾಲು ನೆಲಕ್ಕೆ ಊರಿ, ಮದುವೆಯಲ್ಲಿ ಮಾವ ಕೊಡಿಸಿದ್ದ ಬೂಟಿನ ಅಟ್ಟೆಯನ್ನೇ ಬ್ರೇಕು ಮಾಡಿಕೊಂಡು ಕಾಮಸಮುದ್ರದವರೆಗೆ ಬಂದೆ. ಊರು ಬಂತು, ಅಟ್ಟೆ ಮುಗಿದಿತ್ತು. ಮಾವನ ಹೊಸ ಮನೆ ಇಳಿಜಾರಿನ ಕೆಳತುದಿಯಲ್ಲಿತ್ತು.

ಹೊಸ ಮನೆಗೆ ಮೊದಲು ಹಸು ಕಾಲಿಡಬೇಕೆಂಬುದು ಪದ್ಧತಿ. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಹಸು ಬಾಗಿಲಲ್ಲಿ ನಿಂತಿತ್ತು. ಪುರೋಹಿತರು ಮಂತ್ರ ಹೇಳುತ್ತಿದ್ದರು. ಬಸ್ಸಿನಲ್ಲಿ ನನಗಿಂತ ಮೊದಲೇ ತಲುಪಿದ್ದ ಸರೋಜ ಆರತಿ ತಟ್ಟೆ ಹಿಡಿದಿದ್ದಳು. ನಾನು ಪೋಂ ಪೋಂ ಎನ್ನುತ್ತ ಇಳಿದು ಬಂದೆ. ಜನ ಸರಿದರು, ಹಸುವೂ ಸರಿಯಿತು. ಸ್ಕೂಟರ್ ಹತ್ತಿಸಲೆಂದು ಬಾಗಿಲಿಗೆ ಮಾಡಿಸಿದ್ದ ಇಳಿಜಾರು ಕಟ್ಟೆಯನ್ನು ಏರಿ, ಹೊಸಿಲು ದಾಟಿ, ರಂಗೋಲಿಯ ಮೇಲೆ ಹಾದು, ಊಟಕ್ಕೆ ತಂದಿಟ್ಟಿದ್ದ ಅಕ್ಕಿ ಮೂಟೆಗಳಿಗೆ ಗುದ್ದಿ ಬೈಕು ನಿಂತಿತು. ಕಡೆಗೂ ನಿಂತಿತು! ಶಾಸ್ತ್ರೋಕ್ತವಾಗಿ ಗೃಹಪ್ರವೇಶ ಮಾಡಿದ ಮೊದಲ ಪ್ರಾಣಿ ನಾನೇ.

ಸರೋಜ ಆರತಿ ತಟ್ಟೆ ಕೆಳಗಿಟ್ಟು, ನನ್ನ ಜೇಬಿನಿಂದ ಪಟ್ಟಿ ತೆಗೆದು ಓದಿದಳು. ಬ್ರೇಕು ಎಲ್ಲಿ ಎಂದು ಕೇಳಿದಳು. ಸೆಲ್ವರಾಜಣ್ಣ 'ಇಲ್ಲೆ' ಅಂದರಲ್ಲ ಎಂದೆ.

"ತಮಿಳಲ್ಲಿ ಇಲ್ಲೆ ಅಂದ್ರೆ ಇಲ್ಲ ಅಂತ," ಎಂದಳು.

ಪಾಪ, ಆ ಮನುಷ್ಯ ಹನ್ನೆರಡು ಸಲ ನಿಜ ಹೇಳಿದ್ದರು. ಹನ್ನೆರಡು ಸಲವೂ ನಾನು ಟಿಕ್ ಹಾಕಿ, ಕೆಳಗೆ ಸಹಿಯನ್ನೂ ಮಾಡಿದ್ದೆ. ನಿಜಕ್ಕೂ ನಾಚಿಕೆಯಾಯಿತು.

ಮಾವ ಬೈಯಲಿಲ್ಲ. ಟ್ಯಾಂಕಿನ ಮೇಲಿನ 'ಮಾವನ ಆಶೀರ್ವಾದ'ವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು, ಹೊರಗೆ ಹೋಗಿ ಹಸುವಿಗೆ ಸಮಾಧಾನ ಮಾಡಿದರು. ನಾನು ಮೂಟೆಗಳ ಹಿಂದೆ ಕೂತು ಚೆಲ್ಲಿದ ಅಕ್ಕಿ ಬಳಿಯತೊಡಗಿದೆ. ಆಗ ತಡವಾಗಿ ಬಂದ ನೆಂಟರೊಬ್ಬರು ಮಾವನನ್ನು ಕೇಳಿದರು, "ನಿಂಗೆ ಇನ್ನೊಬ್ಬ ಅಳಿಯ ಇದ್ನಲ್ಲಪ್ಪಾ, ಎಲ್ಲಿ?"

ಮಾವ ನನ್ನ ಕಡೆ ನೋಡಿ, ನಿಧಾನವಾಗಿ, "ಇಲ್ಲೆ," ಎಂದರು.

ಯಾವ ಭಾಷೆಯಲ್ಲಿ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.