ಎಂಟು ಕಂತು, ಒಂದು ಮಾತು

ನನ್ನ ಹೊಟ್ಟೆಕಿಚ್ಚನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪುಟ್ಟಿಗೆ ಒಂದೂವರೆ ವರ್ಷ. ಅಮ್ಮನನ್ನು ‘ಅಮ್ಮ’ ಅನ್ನುತ್ತಾಳೆ. ಹಾಲು ಹಾಕುವವಳನ್ನು ‘ಹಾಲಾ’ ಅನ್ನುತ್ತಾಳೆ. ‘ಅಪ್ಪ’ ಎಂದು ಮಾತ್ರ ಬಾಯಿ ಬಿಡುವುದಿಲ್ಲ. (ಹಾಲಾ ದಿನಕ್ಕೆ ಅರ್ಧ ನಿಮಿಷ ಬರುವವಳು. ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಮಗುವಿನ ಏಕಮಾತ್ರ ಅಂಗರಕ್ಷಕ!)

ಹೆಂಡತಿ ಸ್ಕೂಲ್ ಟೀಚರ್. ಎಂಟಕ್ಕೆ ಹೊರಟರೆ ಒಂದೂವರೆಗೆ ಬರುತ್ತಾಳೆ. ನನಗೆ ಔಷಧಿ ಅಂಗಡಿಯಲ್ಲಿ ಮಧ್ಯಾಹ್ನ ಎರಡರಿಂದ ಪಾಳಿ. ನಡುವಿನ ಆ ಐದೂವರೆ ಗಂಟೆಯ ಸದುಪಯೋಗಕ್ಕೆಂದು ಎಂಟು ಕಂತಿನ ಒಂದು ಅಂತರಿಕ್ಷ ಧಾರಾವಾಹಿ ಹಿಡಿದೆ. ಮಗು ಮಲಗಿದಾಗ ನೋಡಿದರಾಯಿತು ಎಂಬುದು ನನ್ನ ಯೋಜನೆ. ಮಗು ಮಲಗುತ್ತದೆ ಎಂಬ ಕಲ್ಪನೆಯ ಮುಂದೆ ಆ ಧಾರಾವಾಹಿ ಬರೆದವರ ಕಲ್ಪನೆ ಏನೇನೂ ಅಲ್ಲ ಬಿಡಿ.

ಕಥೆಯಲ್ಲಿ ಅಂತರಿಕ್ಷ ನೌಕೆಯ ಒಬ್ಬ ಕ್ಯಾಪ್ಟನ್. ತಣ್ಣನೆಯ ಪೆಟ್ಟಿಗೆಯೊಳಗೆ ಇಪ್ಪತ್ತು ವರ್ಷ ಮಲಗಿ ಎದ್ದು, ಮನೆಗೆ ಕರೆ ಮಾಡುತ್ತಾನೆ. ಮಗಳು “ಯಾರು ಮಾತಾಡ್ತಿರೋದು?” ಅನ್ನುತ್ತಾಳೆ. ನಾನು ಗಳಗಳನೆ ಅತ್ತುಬಿಟ್ಟೆ. ಅದೇ ಹೊತ್ತಿಗೆ ಪುಟ್ಟಿ ಒಂಟಿ ಕಾಲುಚೀಲ ಹಿಡಿದು ನನ್ನ ಮಂಡಿ ತಟ್ಟುತ್ತಿದ್ದಳು.

“ತಾಳು ಪುಟ್ಟಾ,” ಎಂದೆ, ಕಣ್ಣೊರೆಸಿಕೊಳ್ಳುತ್ತ.

ಹೀಗೆ ಏಳು ಕಂತು ಮುಗಿಯುವಷ್ಟರಲ್ಲಿ ಎರಡು ತಿಂಗಳಾಯಿತು. ಒಂದು ಭಾನುವಾರ ಹೆಂಡತಿ ಮಗುವನ್ನು ಪರೀಕ್ಷೆಗೆ ಕೂರಿಸಿದಳು.

“ಇದು ಯಾರು ಪುಟ್ಟಿ?”

“ಅಮ್ಮ.”

“ಇದು?” ಎಂದು ನನ್ನ ಕಡೆ ಬೆರಳು ತೋರಿಸಿದಳು.

ನಾನು ಶರ್ಟು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಪುಟ್ಟಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸ್ಪಷ್ಟವಾಗಿ “ತಾಳು” ಎಂದಳು.

“ತಾಳು ಅಂದ್ರೆ ಏನ್ರೀ?”

“ತಾತ ಅನ್ನೋಕೆ ಹೋಗಿರ್ಬೇಕು. ನಮ್ಮಪ್ಪನ ಹೋಲಿಕೆ ನನಗೆ ಇದೆಯಲ್ಲ?” ಎಂದೆ. ಮೂವತ್ತೈದಕ್ಕೇ ತಾತನ ಪಟ್ಟವನ್ನು ನಾನಾಗಿ ಏರಿದೆ, ನೋಡಿ.

ಹೆಂಡತಿ ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಕೂಗಿದಳು. “ರೀ, ಈ ಬಕೆಟ್ ಸ್ವಲ್ಪ ಎತ್ತಿಕೊಡಿ ಬನ್ನಿ.”

“ತಾಳು ಕಣೇ, ಬಂದೆ!”

ಪುಟ್ಟಿ ಚಪ್ಪಾಳೆ ತಟ್ಟಿ, ನನ್ನನ್ನೇ ತೋರಿಸಿ, “ತಾಳು! ತಾಳು!” ಎಂದು ಕುಣಿದಳು. ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ಗೊತ್ತಾಯ್ತು ಬಿಡಿ. ಪಾಪ, ಅದು ನಿಮ್ಮ ಹೆಸರೇ ತಾಳು ಅಂದ್ಕೊಂಡಿದೆ. ದಿನಕ್ಕೆ ಎಷ್ಟು ಸಲ ಅಂತಿದ್ರಿ?”

“ಎಲ್ಲೋ ಒಂದೆರಡು ಸಲ...”

“ಒಂದೆರಡು ಸಲ ಹೇಳಿದ್ರೆ ನನ್ನ ಮೂರನೇ ಕ್ಲಾಸಿನ ಮಕ್ಕಳಿಗೇ ಮಗ್ಗಿ ಬರಲ್ಲ.”

ಆ ಕ್ಯಾಪ್ಟನ್ನಾದರೂ ಪೆಟ್ಟಿಗೆಯಲ್ಲಿ ಪ್ರಜ್ಞೆ ಇಲ್ಲದೆ ಬಿದ್ದಿದ್ದ. ನಾನು ಎಚ್ಚರವಾಗಿಯೇ ಕೂತಿದ್ದೆ, ಮಗು ಮಂಡಿಯ ಪಕ್ಕದಲ್ಲೇ ನಿಂತಿತ್ತು. ಎರಡು ತಿಂಗಳಲ್ಲಿ ಅದು ತಂದು ತೋರಿಸಿದ್ದು ಏನೇನು ಎಂದು ನೆನೆಸಿಕೊಳ್ಳಲು ನೋಡಿದೆ. ಕಾಲುಚೀಲ ಬಿಟ್ಟು ಬೇರೇನೂ ನೆನಪಾಗಲಿಲ್ಲ. ನಿಜವಾಗಿ ಬೇಜಾರಾಯಿತು, ನಾಚಿಕೆಯೂ ಆಯಿತು.

ಎಂಟನೇ ಕಂತು ನೋಡಲಿಲ್ಲ. ಕ್ಯಾಪ್ಟನ್ ಮನೆಗೆ ಬಂದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೋಮವಾರದಿಂದಲೇ ನೆಲದ ಮೇಲೆ ಕೂತು ‘ಪಿತೃನಾಮ ಪುನರುದ್ಧಾರ ಅಭಿಯಾನ’ ಆರಂಭಿಸಿದೆ. ಎದೆ ತಟ್ಟಿಕೊಂಡು “ಅಪ್ಪ, ಅಪ್ಪ” ಎನ್ನುವುದು, ಅವಳು ನನ್ನ ಅಂಗಿಯ ಗುಂಡಿ ಕೀಳುವುದು. ಐದು ದಿನದಲ್ಲಿ ಮೂರು ಗುಂಡಿ ಹೋದವು. ಅಪ್ಪ ಬರಲಿಲ್ಲ.

ಶನಿವಾರ ಅಂಗಡಿಗೆ ಹೊರಡುವ ಹೊತ್ತು. ಪುಟ್ಟಿ ಅಡುಗೆಮನೆಯ ಚಮಚಗಳನ್ನೆಲ್ಲ ತಂದು, ಒಂದೊಂದಾಗಿ ನನ್ನ ಬೂಟಿನೊಳಗೆ ಇಳಿಸುತ್ತಿದ್ದಳು. ನಾನು ಎದುರಿಗೆ ಕೂತು ಎರಡೂ ಕೈ ಚಾಚಿದೆ.

“ಬಾ ಪುಟ್ಟಿ, ಎತ್ಕೋತೀನಿ.”

ಅವಳು ತಲೆ ಎತ್ತಲಿಲ್ಲ. ಪುಟ್ಟ ಅಂಗೈಯನ್ನು ನನ್ನ ಮುಖಕ್ಕೆ ಅಡ್ಡ ಹಿಡಿದು, “ತಾಳಪ್ಪ,” ಎಂದಳು.

“ಕೇಳಿಸ್ತೇನೇ? ಅಪ್ಪ ಅಂದ್ಲು! ಅಪ್ಪ ಅಂದ್ಲು ಕಣೇ!” ಎಂದು ಕಿರುಚಿಕೊಂಡೆ.

ಆಗಷ್ಟೇ ಸ್ಕೂಲಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹೆಂಡತಿ, “ಪೂರ್ತಿ ಕೇಳಿಸ್ತು,” ಎಂದಳು.

ಅಂಗಡಿಗೆ ಹೊತ್ತಾಗಿತ್ತು. ಆದರೂ ಚಾಚಿದ ಕೈ ಚಾಚಿಕೊಂಡೇ ಕೂತೆ. ಇನ್ನೂ ಐದು ಚಮಚ ಬಾಕಿ ಇದ್ದವು.